ಬೆಳಿಗ್ಗೆ ನೆಟ್ಟಗೆ, ಸಂಜೆ ಎಡಕ್ಕೆ: ಮನೆಯಲ್ಲಿ ಮಾಡಿದ ಫೋಮ್ ವಿಮಾನದ ದೋಷ ಹುಡುಕುವ ಬಗೆ

ವಿಮಾನ ಎಡಕ್ಕೆ ಎಳೆಯುತ್ತದೆ. ಫೋಮ್ ಹಾಳೆ ಕತ್ತರಿಸಿ ರೇಡಿಯೋ ಕಂಟ್ರೋಲ್ ವಿಮಾನ ಮಾಡಿದವರ ಮೊದಲ ದೂರು ಹೆಚ್ಚಾಗಿ ಇದೇ. ಉತ್ತರವೂ ಎಲ್ಲರ ಬಾಯಲ್ಲಿ ಸಿದ್ಧವಾಗಿರುತ್ತದೆ: "ಟ್ರಿಮ್ಮನ್ನು ಬಲಕ್ಕೆ ನಾಲ್ಕು ಕ್ಲಿಕ್ ಕೊಡಿ." ಟ್ರಿಮ್ ಎಂದರೆ ವಿಮಾನದ ವಾಲುವಿಕೆಯನ್ನು ಚೂರುಚೂರೇ ತಿದ್ದಲು ರಿಮೋಟಿನಲ್ಲಿರುವ ಪುಟ್ಟ ಗುಂಡಿ. ನಾನೂ ಕೊಟ್ಟೆ. ನಾಲ್ಕಲ್ಲ, ಹದಿನಾಲ್ಕು. ಮರುದಿನ ಬೆಳಿಗ್ಗೆ ಅದೇ ವಿಮಾನ ಬಲಕ್ಕೆ ಎಳೆಯಿತು. ಎರಡು ವಾರ ಹೀಗೇ ಹೋಯಿತು. ಮೂರು ಪ್ರೊಪೆಲ್ಲರ್ ಮುರಿದವು, ಮೂತಿಗೆ ಸುತ್ತಿದ ಟೇಪಿನ ತೂಕವೇ ಹತ್ತಿಪ್ಪತ್ತು ಗ್ರಾಂ ಆಗಿರಬೇಕು.

ಆ ಎರಡು ವಾರದಲ್ಲಿ ಕಲಿತದ್ದು ಇಷ್ಟು. "ಏನಾಗ್ತಾ ಉಂಟು?" ಎಂದು ಕೇಳಿದರೆ ದೋಷ ಸಿಕ್ಕುವುದಿಲ್ಲ. "ಯಾವಾಗ ಆಗ್ತಾ ಉಂಟು?" ಎಂದು ಕೇಳಬೇಕು. ಥ್ರಾಟಲ್ (ಮೋಟರಿಗೆ ಬಲ) ಕೊಟ್ಟಾಗ ಮಾತ್ರವಾ? ವೇಗ ಏರಿದಾಗಲಾ? ಹಾರಿ ಐದು ನಿಮಿಷ ಆದ ಮೇಲಾ? ದೂರ ಹೋದಾಗಲಾ? ವಿಮಾನ ಕೈಕೊಡುವುದು ಒಂದೇ ರೋಗವಾದರೂ, ಈ ನಾಲ್ಕು ಸಂದರ್ಭದಲ್ಲಿ ಕಾರಣ ನಾಲ್ಕು ಬೇರೆ.

ಮೊದಲು ನನ್ನ ವಿಮಾನದ ಜಾತಕ. ರೆಕ್ಕೆ ಮೈಯ ಮೇಲ್ಭಾಗದಲ್ಲಿರುವ ಸಾದಾ ಟ್ರೇನರ್, ಅಂದರೆ ಕಲಿಯುವವರ ವಿಮಾನ. ರೆಕ್ಕೆಯ ಉದ್ದ 1 ಮೀಟರ್, ಅಗಲ 20 ಸೆಂ.ಮೀ. ಐದು ಮಿ.ಮೀ. ದಪ್ಪದ ಫೋಮ್ ಹಾಳೆ. ರೆಕ್ಕೆಯೊಳಗೆ ಬೆನ್ನೆಲುಬಾಗಿ ಮುರಿದ ಗಾಳದ ಕೋಲಿನ ತುಂಡು. ಇದು ನಮ್ಮ ಕರಾವಳಿಯ ಅನುಕೂಲ, ಫೈಬರ್ ಗ್ಲಾಸಿನ ಮುರಿದ ಗಾಳದ ಕೋಲನ್ನು ಯಾರೂ ದುಡ್ಡಿಗೆ ಕೊಡುವುದಿಲ್ಲ, ಸುಮ್ನೆ ಕೊಡುತ್ತಾರೆ. ಮೋಟರ್ 2212 ಅಳತೆಯದ್ದು, 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು). 30 ಆಂಪಿಯರ್ ಇಎಸ್‌ಸಿ, ಅಂದರೆ ಮೋಟರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್. 10 ಇಂಚಿನ ಪ್ರೊಪೆಲ್ಲರ್. ಮೂರು ಸೆಲ್ಲಿನ 2200 ಎಂಎಎಚ್ ಲಿಪೋ ಬ್ಯಾಟರಿ. 9 ಗ್ರಾಮಿನ ನಾಲ್ಕು ಸರ್ವೊ, ಅಂದರೆ ರೆಕ್ಕೆ ಬಾಲಗಳ ಮಡಚುವ ಪಟ್ಟಿಗಳನ್ನು ತಿರುಗಿಸುವ ಪುಟ್ಟ ಮೋಟರ್. ಹಾರುವಾಗ ಒಟ್ಟು ತೂಕ ಸುಮಾರು 700 ಗ್ರಾಂ. ಹಾರಿಸುವುದು ಉಡುಪಿ ಹತ್ತಿರದ ಕಟಪಾಡಿಯ ಕಡೆ, ಕೊಯ್ಲಾದ ಬೈಲು ಗದ್ದೆಯಲ್ಲಿ. (ಮಟ್ಟಿನ ಕಡೆಗೆ ಹೋದರೆ ಜಾಗ್ರತೆ. ಕೊಯ್ಲು ಮುಗಿದ ಗದ್ದೆಗೆ ಅಲ್ಲಿ ಗುಳ್ಳ ಬದನೆ ನೆಡುತ್ತಾರೆ. ಗುಳ್ಳದ ಸಾಲಿನ ಮೇಲೆ ವಿಮಾನ ಇಳಿಸಿದರೆ ಆಮೇಲೆ ಆ ಬೈಲಿಗೆ ನಿಮ್ಮನ್ನು ಯಾರೂ ಬಿಡುವುದಿಲ್ಲ.)

ಈಗ ದೋಷ. ಬೆಳಿಗ್ಗೆ ಆರೂವರೆಗೆ ಹೋದರೆ ವಿಮಾನ ನೆಟ್ಟಗೆ ಹಾರುತ್ತಿತ್ತು. ಮಧ್ಯಾಹ್ನ ಮೂರೂವರೆ ನಾಲ್ಕಕ್ಕೆ ಹೋದರೆ, ಕೈಯಿಂದ ಎಸೆದ ಕೂಡಲೇ ಎಡಕ್ಕೆ ವಾಲಿ, ಅರ್ಧ ಸುತ್ತು ಹೊಡೆದು, ಗದ್ದೆ ಹುಣಿಗೆ (ಬದುವಿಗೆ) ಮೂತಿ ಕುಟ್ಟುತ್ತಿತ್ತು. ನಾನು ಗಾಳಿಯನ್ನು ಬೈದೆ. ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಏಳುವುದು ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಬೆಳಿಗ್ಗೆ ಗಾಳಿ ಇಲ್ಲ, ಸಂಜೆ ಉಂಟು, ಹಾಗಾಗಿ ಗಾಳಿಯದ್ದೇ ತಪ್ಪು. ಲೆಕ್ಕ ಎಷ್ಟು ಸಲೀಸು ನೋಡಿ.

ಗದ್ದೆಯ ಯಜಮಾನರು ಹಿರಿಯರು. ದಿನಾ ಹುಣಿ ಮೇಲೆ ಕೂತು ನೋಡುತ್ತಿದ್ದರು. ಒಂದು ದಿನ ಕೇಳಿದರು.

"ಎಂಥ ಮಾರಾಯ, ಬೆಳಿಗ್ಗೆ ಸಮಾ ಹೋಗ್ತದಲ್ಲ ಇದು? ಬಯ್ಯಾದ್ರೆ ಮಾತ್ರ ಯಾಕೆ ಬೀಳುದು?"

"ಗಾಳಿ ಅಲ್ವಾ ಮಾವ."

"ಗಾಳಿ ಪಡುವಿಂದ ಬರುದು. ನೀನು ಅದರ ಎದುರಿಗೇ ಬಿಸಾಡ್ತಿ. ಎಡಕ್ಕೆ ತಿರುಗಿಸುವ ಗಾಳಿ ಎಲ್ಲಿಂದ ಬಂತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎದುರುಗಾಳಿ ಎಂದರೆ ಎಸೆಯುವವನಿಗೆ ಸಹಾಯ. ಅದು ರೆಕ್ಕೆಯ ಮೇಲಿನ ಗಾಳಿಯ ವೇಗ ಹೆಚ್ಚಿಸುತ್ತದೆಯೇ ಹೊರತು ಒಂದು ಬದಿಗೆ ತಿರುಗಿಸುವುದಿಲ್ಲ.

ಮರುದಿನ ಸಂಜೆ ಒಂದು ಪರೀಕ್ಷೆ ಮಾಡಿದೆ. ಎಡಕ್ಕೆ ಎಳೆಯುವ ವಿಮಾನ ಯಾರ ಹತ್ತಿರ ಇದ್ದರೂ ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಅರ್ಧ ಥ್ರಾಟಲ್‌ನಲ್ಲಿ ರಿಮೋಟಿನ ಕೋಲನ್ನು ಬಲಕ್ಕೆ ಹಿಡಿದುಕೊಂಡೇ ಹೇಗೋ ಮೇಲೇರಿಸಿದೆ. ಎರಡು ತೆಂಗಿನ ಮರದಷ್ಟು ಎತ್ತರ ಸಿಕ್ಕ ಮೇಲೆ ಥ್ರಾಟಲ್ ಪೂರ್ತಿ ಇಳಿಸಿ ಕೋಲು ಬಿಟ್ಟೆ. ವಿಮಾನ ನೆಟ್ಟಗೆ ತೇಲಿತು. ಥ್ರಾಟಲ್ ಏರಿಸಿದೆ, ಎಡಕ್ಕೆ ಬಿತ್ತು. ಇಳಿಸಿದೆ, ನೆಟ್ಟಗಾಯಿತು. ಮೂರು ಸಲವೂ ಹಾಗೆಯೇ.

ಅಲ್ಲಿಗೆ ರೆಕ್ಕೆ, ಬಾಲ, ಐಲರಾನ್ (ರೆಕ್ಕೆಯ ಹಿಂದಿನ ಅಂಚಿನ ಮಡಚುವ ಪಟ್ಟಿ) ಎಲ್ಲ ನಿರಪರಾಧಿಗಳು. ಅವುಗಳಲ್ಲಿ ಏನಾದರೂ ಸೊಟ್ಟ ಇದ್ದಿದ್ದರೆ ಮೋಟರ್ ನಿಂತಾಗಲೂ ಎಳೆಯಬೇಕಿತ್ತು. ಥ್ರಾಟಲ್ ಜೊತೆ ಬಂದು ಥ್ರಾಟಲ್ ಜೊತೆ ಹೋಗುವ ದೋಷ ಮೋಟರಿನ ಮೂತಿಯಲ್ಲೇ ಇರಬೇಕು.

ಇಲ್ಲಿ ಸ್ವಲ್ಪ ಕಾರಣ ಹೇಳಬೇಕು. ಸಾಮಾನ್ಯ ಪ್ರೊಪೆಲ್ಲರ್ ಹಿಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಅದು ಬಲಕ್ಕೆ ತಿರುಗುವಾಗ ವಿಮಾನದ ಮೈ ಎಡಕ್ಕೆ ತಿರುಗಲು ನೋಡುತ್ತದೆ. ಪ್ರೊಪೆಲ್ಲರ್ ಹಿಂದೆ ತಳ್ಳುವ ಗಾಳಿಯೂ ಸುರುಳಿಯಾಗಿ ಬಂದು ಬಾಲದ ಎಡಬದಿಗೆ ಹೊಡೆಯುತ್ತದೆ, ಮೂತಿ ಎಡಕ್ಕೆ ಹೋಗುತ್ತದೆ. ಕೈಯಿಂದ ಎಸೆದಾಗ ವೇಗ ಕಡಿಮೆ, ಥ್ರಾಟಲ್ ಜಾಸ್ತಿ. ಹಾಗಾಗಿ ಎಲ್ಲ ಸೇರಿ ಆ ಮೊದಲ ಎರಡು ಸೆಕೆಂಡಿನಲ್ಲೇ ಕೈಕೊಡುತ್ತದೆ. ಇದನ್ನು ತಡೆಯಲು ಮೋಟರನ್ನು 2ರಿಂದ 3 ಡಿಗ್ರಿ ಬಲಕ್ಕೆ, ಅಷ್ಟೇ ಕೆಳಕ್ಕೆ ಮುಖ ಮಾಡಿ ಕೂರಿಸುತ್ತಾರೆ. ನಾನೂ ಕೂರಿಸಿದ್ದೆ.

ಕೂರಿಸಿದ್ದೆನಾ? ಡಿಗ್ರಿ ಅಳೆಯಲು ಕೋನಮಾಪಕ ಬೇಡ, ಹಿಗ್ಗದ ದಾರ ಸಾಕು. ಬ್ಯಾಟರಿ ಕಳಚಿ. ಪ್ರೊಪೆಲ್ಲರನ್ನು ನೆಲಕ್ಕೆ ಸಮಾನಾಂತರವಾಗಿ ನಿಲ್ಲಿಸಿ. ಬಾಲದ ನಡುಮಧ್ಯೆ, ರಡರ್ (ಬಾಲದ ನಿಂತ ಪಟ್ಟಿ) ಮಡಚುವ ಗೆರೆಯ ಮೇಲೆ ಒಂದು ಗುಂಡುಸೂಜಿ ಚುಚ್ಚಿ ದಾರ ಕಟ್ಟಿ. ದಾರವನ್ನು ಪ್ರೊಪೆಲ್ಲರಿನ ಎಡ ತುದಿಗೆ ಎಳೆದು ಗುರುತು ಹಾಕಿ, ಆಮೇಲೆ ಬಲ ತುದಿಗೆ. ಮೋಟರ್ ನೇರ ಇದ್ದರೆ ಎರಡೂ ಅಳತೆ ಸಮ. ಬಲಕ್ಕೆ ಮುಖ ಮಾಡಿದ್ದರೆ ಬಲ ತುದಿ ಬಾಲಕ್ಕೆ ಹತ್ತಿರ ಬರುತ್ತದೆ. 10 ಇಂಚಿನ ಪ್ರೊಪೆಲ್ಲರಿಗೆ 2 ಡಿಗ್ರಿ ಎಂದರೆ ಸುಮಾರು 9 ಮಿ.ಮೀ. ವ್ಯತ್ಯಾಸ, 8 ಇಂಚಿನದ್ದಾದರೆ 7.

ರಾತ್ರಿ ಊಟ ಆದ ಮೇಲೆ ಅಳೆದೆ. 9 ಮಿ.ಮೀ. ಬಲಕ್ಕೇ! ಎಲ್ಲ ಸರಿ ಇತ್ತು. ಆ ರಾತ್ರಿ ನನಗೆ ವಿಮಾನ ಬಿಟ್ಟು ಬೇರೆ ಹವ್ಯಾಸ ಹುಡುಕಬೇಕೆಂದು ಅನಿಸಿದ್ದು ಸುಳ್ಳಲ್ಲ.

ಆದರೆ "ಯಾವಾಗ" ಎಂಬ ಪ್ರಶ್ನೆ ಇನ್ನೂ ಬಾಕಿ ಇತ್ತು. ದೋಷ ಬರುವುದು ಸಂಜೆ ನಾಲ್ಕಕ್ಕೆ, ಗದ್ದೆಯಲ್ಲಿ. ನಾನು ಅಳೆದದ್ದು ರಾತ್ರಿ ಒಂಬತ್ತಕ್ಕೆ, ಫ್ಯಾನಿನ ಕೆಳಗೆ. ಮರುದಿನ ದಾರವನ್ನು ಗದ್ದೆಗೇ ಒಯ್ದೆ. ಕಾರಿನಿಂದ ವಿಮಾನ ಇಳಿಸಿದೆ. ಕಾರು ಬಿಸಿಲಿನಲ್ಲಿ ಗಾಜು ಮುಚ್ಚಿ ನಿಂತಿತ್ತು, ಒಳಗೆ ಕೈ ಹಾಕಿದರೆ ಅಕ್ಕಿರೊಟ್ಟಿ ಸುಡುವ ಕಾವು. ದಾರ ಹಿಡಿದು ಅಳೆದರೆ ಈಗಲೂ 9 ಮಿ.ಮೀ. ಆಗ ಸುಮ್ಮನೆ, ಯೋಚನೆ ಮಾಡುತ್ತಾ, ಎರಡು ಬೆರಳಿನಲ್ಲಿ ಪ್ರೊಪೆಲ್ಲರಿನ ನಟ್ಟು ಹಿಡಿದು ಮೆಲ್ಲನೆ ಮುಂದಕ್ಕೆ ಎಳೆದೆ. ಮೋಟರ್ ಎಳೆಯುವುದೂ ಮುಂದಕ್ಕೇ ಅಲ್ವಾ?

ಮೋಟರ್ ಕೂತ ಪ್ಲೈವುಡ್ ಹಲಗೆಯ ಬಲ ಅಂಚು ಫೋಮ್ ಬಿಟ್ಟು ಬಂತು. ಸಂದಿನಲ್ಲಿ ಹಾಟ್ ಗ್ಲೂ ಚೂಯಿಂಗ್ ಗಮ್ಮಿನ ಹಾಗೆ ಎಳೆ ಎಳೆಯಾಗಿ ಹಿಗ್ಗುತ್ತಿತ್ತು. ಬೆರಳು ಬಿಟ್ಟೆ, ಮೆಲ್ಲಗೆ ಹಿಂದೆ ಸರಿದು ಸಂದು ಮುಚ್ಚಿಕೊಂಡಿತು. ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ. ಮತ್ತೆ ಎಳೆದು ಸಂದಿಗೆ ಸ್ಕೇಲ್ ಹಿಡಿದೆ, 3 ಮಿ.ಮೀ. ಹಲಗೆಯ ಅಗಲ 45 ಮಿ.ಮೀ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 4 ಡಿಗ್ರಿ. ಬಲಕ್ಕೆ 2 ಡಿಗ್ರಿ ಇದ್ದ ಮೋಟರ್, ಪೂರ್ತಿ ಥ್ರಾಟಲ್ ಕೊಟ್ಟ ಕೂಡಲೇ ಎಡಕ್ಕೆ 2 ಡಿಗ್ರಿ ಮುಖ ಮಾಡುತ್ತಿತ್ತು. ಥ್ರಾಟಲ್ ಇಳಿಸಿದರೆ ತಾನೇ ವಾಪಸ್. ತಣ್ಣಗಾದರೆ ಗಟ್ಟಿ.

ಬಲ ಬದಿಯೇ ಯಾಕೆ? ಒಳಗೆ ಇಎಸ್‌ಸಿಯನ್ನು ಬಲ ಗೋಡೆಗೆ, ಹಲಗೆಗೆ ತಾಗಿಸಿಯೇ ಅಂಟಿಸಿದ್ದೆ. ಕಾರಿನ ಕಾವು, ಮೋಟರಿನ ಕಾವು, ಇಎಸ್‌ಸಿಯ ಕಾವು ಮೂರೂ ಸೇರುವ ಜಾಗ ಅದು. ಕಡ್ಡಿಯಲ್ಲಿ ಬರುವ ಸಾಮಾನ್ಯ ಹಾಟ್ ಗ್ಲೂ ಅಷ್ಟು ಕಾವಿಗೆ ಮೆತ್ತಗಾಗಿಯೇ ಆಗುತ್ತದೆ, ಅದು ಕರಗಿಸಿ ಅಂಟಿಸುವ ವಸ್ತುವೇ ತಾನೆ. ರೆಕ್ಕೆಯ ಅಂಚಿಗೆ, ಸರ್ವೊ ಕೂರಿಸಲಿಕ್ಕೆ ಅದು ಒಳ್ಳೆಯದು. ಮೋಟರ್ ಹಲಗೆಗೆ ಅಲ್ಲ.

ರಿಪೇರಿ ಹೀಗೆ ಮಾಡಿದೆ. ಹಳೆಯ ಗ್ಲೂ ಪೂರ್ತಿ ಕೆರೆದು ತೆಗೆದೆ. ಅದರ ಮೇಲೆ ಬೇರೆ ಅಂಟು ಹಿಡಿಯುವುದಿಲ್ಲ, ಇಲ್ಲಿ ಸೋಮಾರಿತನ ಮಾಡಬೇಡಿ. ಎರಡು ಟ್ಯೂಬ್ ಕಲಸಿ ಹಚ್ಚುವ ಎಪಾಕ್ಸಿ ಹಾಕಿದೆ. ಎರಡೂ ಬದಿಯಿಂದ ಫೋಮ್ ದಾಟಿ ಹಲಗೆಯ ಅಂಚಿನೊಳಗೆ ಹೋಗುವ ಹಾಗೆ ನಾಲ್ಕು ಬಿದಿರಿನ ಕಡ್ಡಿ ಹೊಡೆದೆ. ಇಎಸ್‌ಸಿಯನ್ನು ಹಿಂದಕ್ಕೆ ತಂದು, ಮೂತಿಯ ಕೆಳಗೆ ಗಾಳಿ ಒಳಬರಲು ಒಂದು ತೂತು, ಹಿಂದೆ ಹೊರಹೋಗಲು ಅದಕ್ಕಿಂತ ದೊಡ್ಡ ತೂತು ಕೊಟ್ಟೆ. ಕೊನೆಗೆ ಮೀನು ತೂಗುವ ಕೊಕ್ಕೆ ತಕ್ಕಡಿಯನ್ನು ಮೋಟರಿಗೆ ಸಿಕ್ಕಿಸಿ ಎಳೆದೆ. ಈ ಮೋಟರಿನ ಎಳೆತ ಮುಕ್ಕಾಲು ಕಿಲೋ ಆಸುಪಾಸು. ಅದರ ಎರಡರಷ್ಟು, ಒಂದೂವರೆ ಕಿಲೋ ಎಳೆದಾಗಲೂ ಹಲಗೆ ಕದಲಲಿಲ್ಲ. ಇದನ್ನೂ ಬಿಸಿಲಿನಲ್ಲಿ ಅರ್ಧ ಗಂಟೆ ಇಟ್ಟು ಆಮೇಲೆ ಮಾಡಿ. ತಣ್ಣಗಿದ್ದಾಗ ಎಲ್ಲ ಅಂಟೂ ಶೂರ.

ಹದಿನಾಲ್ಕು ಕ್ಲಿಕ್ ಟ್ರಿಮ್ಮನ್ನು ವಾಪಸ್ ಸೊನ್ನೆಗೆ ತಂದೆ. ಆ ಸಂಜೆ ಅದೇ ಕಡಲ ಗಾಳಿಗೆ ಎದುರಾಗಿ ಎಸೆದೆ. ನೆಟ್ಟಗೆ ಹೋಯಿತು.

ನಿಮ್ಮ ಹಲಗೆ ಗಟ್ಟಿ ಇದ್ದು, ಮೋಟರಿನ ಮುಖವೇ ಸರಿ ಇಲ್ಲದಿದ್ದರೆ ಕೆಲಸ ಸುಲಭ. ಎಡಬದಿಯ ಬೋಲ್ಟುಗಳ ಕೆಳಗೆ ವಾಷರ್ ಇಟ್ಟರೆ ಮೋಟರ್ ಬಲಕ್ಕೆ ತಿರುಗುತ್ತದೆ. ಬೋಲ್ಟುಗಳ ನಡುವಿನ ಅಂತರ 25 ಮಿ.ಮೀ. ಇದ್ದರೆ, 1 ಮಿ.ಮೀ. ವಾಷರಿಗೆ 2 ಡಿಗ್ರಿ ಚಿಲ್ಲರೆ. ಥ್ರಾಟಲ್ ಕೊಟ್ಟಾಗ ಮೂತಿ ಮೇಲಕ್ಕೆ ಏಳುತ್ತಿದ್ದರೆ ಮೇಲಿನ ಬೋಲ್ಟುಗಳಿಗೆ ವಾಷರ್.

ಥ್ರಾಟಲ್ ಇಳಿಸಿದ ಮೇಲೂ ಎಡಕ್ಕೆ ಎಳೆದರೆ

ಆಗ ಕಥೆ ಬೇರೆ. ಇಲ್ಲಿ ಕೇಳಬೇಕಾದದ್ದು, ನಿಧಾನ ಹೋಗುವಾಗ ಜಾಸ್ತಿಯಾ, ಜೋರಾಗಿ ಹೋಗುವಾಗ ಜಾಸ್ತಿಯಾ?

ನಿಧಾನದಲ್ಲಿ ಜಾಸ್ತಿಯಾದರೆ ಎಡ ರೆಕ್ಕೆ ಭಾರ ಇದೆ. ಪ್ರೊಪೆಲ್ಲರ್ ನಟ್ಟು ಒಬ್ಬರು, ಬಾಲದ ತುದಿ ಇನ್ನೊಬ್ಬರು ಒಂದೊಂದು ಬೆರಳಿನಲ್ಲಿ ಹಿಡಿದು ಎತ್ತಿ. ಯಾವ ರೆಕ್ಕೆ ಇಳಿಯುತ್ತದೋ ಅದು ಭಾರ. ಇನ್ನೊಂದರ ತುದಿಗೆ ಒಂದು ರೂಪಾಯಿ ನಾಣ್ಯ ಅಂಟಿಸಿ, ಮೂರು ನಾಲ್ಕು ಗ್ರಾಂ ಆಗುತ್ತದೆ. ಅಷ್ಟು ದೂರದಲ್ಲಿ ಅಷ್ಟೇ ಸಾಕಾಗುತ್ತದೆ.

ಜೋರಾಗಿ ಹೋಗುವಾಗ ಜಾಸ್ತಿಯಾದರೆ ರೆಕ್ಕೆ ತಿರುಚಿಕೊಂಡಿದೆ. ಫೋಮ್ ರೆಕ್ಕೆಯನ್ನು ಗೋಡೆಗೆ ಒರಗಿಸಿಟ್ಟರೆ, ಮೇಲಿನ ಅಟ್ಟದ ಕಾವಿನಲ್ಲಿಟ್ಟರೆ, ಒಂದು ಬದಿಗೆ ಮಾತ್ರ ಬಣ್ಣದ ಟೇಪ್ ಎಳೆದು ಅಂಟಿಸಿದರೆ ತಿರುಚದೆ ಇರುವುದಿಲ್ಲ. ಕಣ್ಣಿಗೆ ಕಾಣಬೇಕಾದರೆ ಹತ್ತಿರದಿಂದ ನೋಡಬೇಡಿ. ವಿಮಾನವನ್ನು ಜಗಲಿಯ ಮೇಲಿಟ್ಟು, ಅಂಗಳದಲ್ಲಿ ನಾಲ್ಕೈದು ಹೆಜ್ಜೆ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ ಬಾಲದ ಕಡೆಯಿಂದ ನೋಡಿ. ಎರಡೂ ರೆಕ್ಕೆಯ ಹಿಂದಿನ ಅಂಚು ಒಂದೇ ಹಾಗೆ ಕಾಣಬೇಕು. ಒಂದು ಕಡೆ ರೆಕ್ಕೆಯ ಕೆಳಮೈ ಜಾಸ್ತಿ ಕಂಡರೆ ಅಲ್ಲೇ ತಿರುಚು. ರೆಕ್ಕೆಯನ್ನು ಉಲ್ಟಾ ಬದಿಗೆ, ಬೇಕಾದದ್ದಕ್ಕಿಂತ ತುಸು ಜಾಸ್ತಿ ತಿರುಚಿ ಹಿಡಿದು ಹೇರ್ ಡ್ರೈಯರಿನ ಬಿಸಿಗಾಳಿ ತೋರಿಸಿ. ತಣ್ಣಗಾಗುವ ತನಕ ಬಿಡಬೇಡಿ. ಡ್ರೈಯರನ್ನು ಒಂದೇ ಕಡೆ ನಿಲ್ಲಿಸಿದರೆ ಫೋಮ್ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ, ಅದನ್ನು ಸರಿ ಮಾಡಲಿಕ್ಕೆ ಆಗುವುದಿಲ್ಲ.

ಇನ್ನು ಜೋರಾಗಿ ಹೋಗುವಾಗ "ಬುರ್‍ರ್" ಎಂದು ಸದ್ದು ಬಂದರೆ ತಕ್ಷಣ ಥ್ರಾಟಲ್ ಇಳಿಸಿ. ಐಲರಾನ್ ಅಥವಾ ಎಲಿವೇಟರ್ (ಮೂತಿ ಏರಿಸಿ ಇಳಿಸುವ, ಬಾಲದ ಅಡ್ಡ ಪಟ್ಟಿ) ನಡುಗುತ್ತಿದೆ. ಹಿಂಜಿನ ಟೇಪ್ ಬಿಟ್ಟಿರುತ್ತದೆ, ಇಲ್ಲವೇ ಹಾರ್ನಿನ (ಸರ್ವೊ ತಂತಿ ಸಿಕ್ಕಿಸುವ ಕೊಂಬಿನ) ತೂತು ದೊಡ್ಡದಾಗಿರುತ್ತದೆ. ನಮ್ಮ ಸೆಕೆಗೆ, ಉಪ್ಪು ಗಾಳಿಗೆ ಪ್ಯಾಕಿಂಗ್ ಟೇಪಿನ ಅಂಟು ಬೇಗ ಜಾರುತ್ತದೆ.

ಧುಮುಕಿದ ವಿಮಾನ ಏಳದಿದ್ದರೆ

ಪಕ್ಕದ ಮನೆಯ ಹುಡುಗನ ವಿಮಾನ ಒಂದು ಹೀಗಿತ್ತು. ನೆಲದಲ್ಲಿ ಎಲಿವೇಟರ್ ಚೆನ್ನಾಗಿ ಏಳುತ್ತದೆ. ಹಾರುವಾಗ ನಿಧಾನಕ್ಕೆ ಹೋದರೆ ಮಾತು ಕೇಳುತ್ತದೆ. ಮೂತಿ ಕೆಳಗೆ ಮಾಡಿ ವೇಗ ಹಿಡಿಯಿತೋ, ಕೋಲು ಎಷ್ಟು ಎಳೆದರೂ ಏಳುವುದಿಲ್ಲ. "ಅಣ್ಣ, ಸಿಗ್ನಲ್ ಹೋಗ್ತದೆ" ಎಂದ. ನಾನು ಸರ್ವೊ ಆನ್ ಮಾಡಿಸಿ, ಎಲಿವೇಟರನ್ನು ಬೆರಳಿನಲ್ಲಿ ಒತ್ತಿ ಹಿಡಿದು, "ಈಗ ಎಳಿ" ಎಂದೆ. ಸರ್ವೊ ತಿರುಗಿತು. ಎಲಿವೇಟರ್ ಕದಲಲಿಲ್ಲ. ನಡುವಿನ ತಂತಿ ಬಿಲ್ಲಿನ ಹಾಗೆ ಬಾಗಿತು.

ಒಂದು ಮಿ.ಮೀ. ತಂತಿ ಎಳೆಯುವಾಗ ಬಲಶಾಲಿ, ತಳ್ಳುವಾಗ ಬಾಗುತ್ತದೆ. ಅವನ ವಿಮಾನದಲ್ಲಿ ಎಲಿವೇಟರ್ ಮೇಲೇಳಬೇಕಾದರೆ ಸರ್ವೊ ತಂತಿಯನ್ನು ತಳ್ಳಬೇಕಿತ್ತು. ವೇಗ ಎರಡು ಪಟ್ಟಾದರೆ ಎಲಿವೇಟರಿನ ಮೇಲೆ ಗಾಳಿಯ ಒತ್ತಡ ನಾಲ್ಕು ಪಟ್ಟು. ತಂತಿ ಸೋಲದೆ ಏನು ಮಾಡೀತು? ತಂತಿಯನ್ನು ಖಾಲಿ ಬಾಲ್ ಪೆನ್ ರೀಫಿಲ್ಲಿನ ತುಂಡುಗಳೊಳಗೆ ತೂರಿಸಿ, ಹತ್ತು ಸೆಂ.ಮೀ.ಗೊಂದರಂತೆ ಮೈಗೆ ಅಂಟಿಸಿದೆವು. ಅಷ್ಟೇ. ಸೈಕಲ್ಲಿನ ಹಳೆಯ ಕಡ್ಡಿ ಸಿಕ್ಕರೆ ಇನ್ನೂ ಒಳ್ಳೆಯದು, 2 ಮಿ.ಮೀ. ದಪ್ಪ ಇರುತ್ತದೆ, ಬಾಗುವುದಿಲ್ಲ. ಹಾರ್ನ್ ಹಾಕುವಾಗ ಎಲಿವೇಟರ್ ಮೇಲೇಳಲು ತಂತಿ ಎಳೆಯುವ ಹಾಗೆ ಬದಿ ಆಯ್ದುಕೊಂಡರೆ ಈ ರಗಳೆಯೇ ಇಲ್ಲ.

ತಂತಿ ಗಟ್ಟಿ ಇದ್ದರೂ ವಿಮಾನ ಕಪ್ಪೆಯ ಹಾಗೆ ಮೇಲೆ ಕೆಳಗೆ ಕುಪ್ಪಳಿಸುತ್ತಿದ್ದರೆ ಬಾಲ ಭಾರವಾಗಿದೆ. ತೂಕದ ನಡುಬಿಂದು, ಅಂದರೆ ಸಿಜಿ, ರೆಕ್ಕೆಯ ಅಗಲದ ಕಾಲು ಭಾಗದಿಂದ ಶೇಕಡಾ 30ರ ಒಳಗೆ ಇರಲಿ. ನನ್ನ 20 ಸೆಂ.ಮೀ. ರೆಕ್ಕೆಗೆ ಮುಂದಿನ ಅಂಚಿನಿಂದ 5ರಿಂದ 6 ಸೆಂ.ಮೀ. ಅಲ್ಲಿ ರೆಕ್ಕೆಯ ಕೆಳಗೆ ಎರಡೂ ಬದಿ ಪೆನ್ನಿನಲ್ಲಿ ಚುಕ್ಕೆ ಇಟ್ಟಿದ್ದೇನೆ, ಪ್ರತಿ ಸಲ ಬ್ಯಾಟರಿ ಹಾಕಿದ ಮೇಲೆ ಎರಡು ಬೆರಳಿನಲ್ಲಿ ಎತ್ತಿ ನೋಡುತ್ತೇನೆ. ಬ್ಯಾಟರಿಯೇ 180 ಗ್ರಾಂ ಹತ್ತಿರ ಇರುವುದರಿಂದ, ಅದನ್ನು 2 ಸೆಂ.ಮೀ. ಸರಿಸಿದರೆ ಸಿಜಿ ಅರ್ಧ ಸೆಂ.ಮೀ. ಸರಿಯುತ್ತದೆ. ಮೂತಿಗೆ ಸೀಸ ಅಂಟಿಸುವ ಮೊದಲು ಬ್ಯಾಟರಿ ಸರಿಸಿ. ಮೂತಿ ಸ್ವಲ್ಪ ಭಾರವಾದರೆ ವಿಮಾನ ಸೋಮಾರಿಯಾಗಿ ಹಾರುತ್ತದೆ. ಬಾಲ ಭಾರವಾದರೆ ಒಂದೇ ಸಲ ಹಾರುತ್ತದೆ.

ತೂಕದ ಮಾತು ಬಂದದ್ದಕ್ಕೆ ಇನ್ನೊಂದು. ಪ್ರತಿ ಸಲ ಬಿದ್ದಾಗಲೂ ಟೇಪ್ ಸುತ್ತಿ, ಗ್ಲೂ ಸುರಿದು 700 ಗ್ರಾಮಿನ ವಿಮಾನ 1 ಕಿಲೋ ಆಗುವುದು ನೋಡಿದ್ದೇನೆ. ಅಷ್ಟಾದರೆ ಅದು ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಐದನೇ ಒಂದು ಭಾಗ ಏರುತ್ತದೆ. ನಿಮ್ಮ ತೋಳಿನ ಬಲ ಏರಿರುವುದಿಲ್ಲ. "ಮೊದಲು ಎಸೆದರೆ ಹಾರ್ತಿತ್ತು, ಈಗ ಎಸೆದರೆ ಬೀಳ್ತದೆ" ಎನ್ನುವವರು ಮೊದಲು ಅಡಿಗೆಮನೆಯ ತಕ್ಕಡಿಗೆ ಹಾಕಿ ನೋಡಿ.

ಹಾರಿ ಕೆಲವು ನಿಮಿಷ ಆದ ಮೇಲೆ ಕೈಕೊಟ್ಟರೆ

ಮೋಟರ್ ಮಾತ್ರ ನಿಂತಿತಾ, ಸರ್ವೊಗಳೂ ಸತ್ತವಾ? ಬಿದ್ದ ಮೇಲೆ ಇದನ್ನು ನೆನಪು ಮಾಡಿಕೊಳ್ಳುವುದು ಕಷ್ಟ, ಹಾರುವಾಗಲೇ ಗಮನ ಇರಲಿ.

ಮೋಟರ್ ಮಾತ್ರ ನಿಂತು ಐಲರಾನ್ ಕೆಲಸ ಮಾಡುತ್ತಿದ್ದರೆ ದೋಷವೇ ಇಲ್ಲ. ಬ್ಯಾಟರಿ ಇಳಿದಿದೆ ಎಂದು ಇಎಸ್‌ಸಿ ಮೋಟರ್ ನಿಲ್ಲಿಸಿದೆ. ಥ್ರಾಟಲ್ ಸೊನ್ನೆಗೆ ತಂದು ಮತ್ತೆ ಸ್ವಲ್ಪ ಕೊಟ್ಟರೆ ಇಳಿಸುವಷ್ಟು ಸಿಗಬಹುದು. 2200 ಎಂಎಎಚ್ ಬ್ಯಾಟರಿ ಸರಾಸರಿ 12 ಆಂಪಿಯರ್ ಎಳೆದರೆ ಪೂರ್ತಿ ಖಾಲಿಯಾಗಲು 11 ನಿಮಿಷ, ಆದರೆ ಪೂರ್ತಿ ಖಾಲಿ ಮಾಡಬಾರದು. ಎಂಟು ನಿಮಿಷಕ್ಕೆ ಟೈಮರ್ ಇಡಿ. ಹೊಸ ಬ್ಯಾಟರಿಯಲ್ಲಿ ಎಂಟು ನಿಮಿಷ ಹಾರಿದ್ದು ಈಗ ಮೂರಕ್ಕೇ ನಿಂತರೆ ಒಂದು ಸೆಲ್ ಸೋತಿದೆ. ಹಾರಿಸಿ ಇಳಿಸಿದ ಕೂಡಲೇ ಮೂರೂ ಸೆಲ್ ಬೇರೆ ಬೇರೆ ಅಳೆಯಿರಿ, ಎರಡು 3.7 ತೋರಿಸಿ ಒಂದು 3.3 ತೋರಿಸಿದರೆ ಅದೇ ಕಳ್ಳ. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ಸಲ ಎಂದು ಚಾರ್ಜ್ ಮಾಡಬೇಡಿ. ಲಿಪೋ ಬೆಂಕಿ ಹಿಡಿದರೆ ಸುಲಭಕ್ಕೆ ಆರುವುದಿಲ್ಲ.

ಸರ್ವೊಗಳೂ ಒಂದೆರಡು ಸೆಕೆಂಡ್ ಸತ್ತು ಮತ್ತೆ ಬದುಕಿದರೆ ರಿಸೀವರಿಗೆ ಕರೆಂಟ್ ಸಾಲುತ್ತಿಲ್ಲ. ಸಾಮಾನ್ಯ 30 ಆಂಪಿಯರ್ ಇಎಸ್‌ಸಿಯೊಳಗಿನ ಬಿಇಸಿ (ರಿಸೀವರಿಗೆ, ಸರ್ವೊಗಳಿಗೆ ಕರೆಂಟ್ ಕೊಡುವ ಭಾಗ) ಕೊಡುವುದು 5 ವೋಲ್ಟಿನಲ್ಲಿ 2 ಆಂಪಿಯರ್. ಸಣ್ಣ ಸರ್ವೊ ಸುಮ್ನೆ ತಿರುಗುವಾಗ ಏನೂ ಕುಡಿಯುವುದಿಲ್ಲ. ಸಿಕ್ಕಿಹಾಕಿಕೊಂಡರೆ ಒಂದೊಂದೂ ಅರ್ಧ ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ನಾಲ್ಕು ಒಟ್ಟಿಗೆ ಸಿಕ್ಕಿದರೆ ಲೆಕ್ಕ ಮುಗಿಯಿತು. ಪ್ರೊಪೆಲ್ಲರ್ ಕಳಚಿ (ಇದನ್ನು ಎರಡು ಸಲ ಓದಿ), ಮೋಟರ್ ಓಡಿಸಿಕೊಂಡೇ ಎರಡೂ ಕೋಲನ್ನು ಗಿರಗಿರ ತಿರುಗಿಸುತ್ತಾ ರಿಸೀವರಿನ ದೀಪ ನೋಡಿ. ದೀಪ ಆರಿ ಹತ್ತಿದರೆ ಕಾರಣ ಸಿಕ್ಕಿತು. ಕೋಲು ನಡುವಲ್ಲಿದ್ದರೂ ಯಾವ ಸರ್ವೊ "ಗುಂಯ್" ಎನ್ನುತ್ತದೋ ಅದರ ತಂತಿ ಬಿಗಿಯಾಗಿ ಕೂತಿದೆ, ಅದನ್ನು ಮೊದಲು ಸಡಿಲಿಸಿ.

ಮೋಟರ್ ಶುರುವಾಗುವಾಗ ತಿರುಗದೆ ಬರೀ ನಡುಗಿದರೆ ಮೂರು ತಂತಿಯಲ್ಲಿ ಒಂದು ಬಿಟ್ಟಿದೆ. ಮಲ್ಪೆ, ಕಾಪು, ಪಣಂಬೂರು ಎಂದು ಕಡಲ ತೀರದಲ್ಲಿ ಹಾರಿಸುವವರಿಗೆ ಇದು ಸಾಮಾನ್ಯ. ಉಪ್ಪು ಗಾಳಿಗೆ ಕನೆಕ್ಟರಿನೊಳಗೆ ಹಸಿರು ಕಿಲುಬು ಕಟ್ಟುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶು, ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತು ನಿಮಿಷದ ಕೆಲಸ. ಮರಳಿನ ಮೇಲೆ ಇಳಿಸಿದ್ದರೆ ಮೋಟರನ್ನು ಕೈಯಲ್ಲಿ ತಿರುಗಿಸಿ ಕಿವಿ ಕೊಡಿ. ಕಪ್ಪು ಮರಳಿನ ಕಣ ಅಯಸ್ಕಾಂತಕ್ಕೆ ಅಂಟಿಕೊಂಡು ಕರಕರ ಎನ್ನುತ್ತದೆ. ಊದಿದರೆ ಹೋಗುವುದಿಲ್ಲ, ಟೇಪಿನ ಅಂಟು ಬದಿಯನ್ನು ಒತ್ತಿ ಒತ್ತಿ ತೆಗೆಯಬೇಕು. ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ.

ದೂರ ಹೋದಾಗ ಮಾತ್ರ ಆದರೆ

ಇದು ಹೆಚ್ಚು ಹೇಳುವಂಥದ್ದಲ್ಲ. ರಿಸೀವರಿನ ಆಂಟೆನಾ ನೋಡಿ. 2.4 ಗಿಗಾಹರ್ಟ್ಸಿನಲ್ಲಿ ತುದಿಯ 31 ಮಿ.ಮೀ. ಮಾತ್ರ ನಿಜವಾದ ಆಂಟೆನಾ, ಉಳಿದದ್ದು ಬರೀ ಕೇಬಲ್. ಆ ತುದಿ ಬ್ಯಾಟರಿಗೆ ಒತ್ತಿಕೊಂಡಿದ್ದರೆ, ಇಎಸ್‌ಸಿ ತಂತಿಯ ಜೊತೆ ಸುತ್ತಿಕೊಂಡಿದ್ದರೆ ಅರ್ಧ ಕಿವುಡು. ಎರಡು ಆಂಟೆನಾ ಇದ್ದರೆ ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ. ಆಮೇಲೆ ಪ್ರೊಪೆಲ್ಲರ್ ಕಳಚಿ, ಥ್ರಾಟಲ್ ಅರ್ಧ ಕೊಟ್ಟು ಟ್ರಾನ್ಸ್‌ಮಿಟರ್ ಆಫ್ ಮಾಡಿ. ಮೋಟರ್ ನಿಲ್ಲಬೇಕು. ನಿಲ್ಲದಿದ್ದರೆ, ಸಿಗ್ನಲ್ ತಪ್ಪಿದಾಗ ಮೋಟರ್ ನಿಲ್ಲಿಸುವ ಫೇಲ್‌ಸೇಫ್ ಹೊಂದಿಸಿಲ್ಲ ಎಂದರ್ಥ, ಅದಾಗುವ ತನಕ ಹಾರಿಸಬೇಡಿ. ದೂರದ ಮಾತೇ ಬಂದಾಗ, ಮಂಗಳೂರಿನವರು ಬಜ್ಪೆ ವಿಮಾನ ನಿಲ್ದಾಣದ ಆಸುಪಾಸಿಗೆ ಹೋಗಲೇಬೇಡಿ. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಹಸಿರು ವಲಯದಲ್ಲಿ ಉಂಟಾ ನೋಡಿಕೊಳ್ಳಿ. 2021ರ ಡ್ರೋನ್ ನಿಯಮಗಳು ಹವ್ಯಾಸಕ್ಕೆ ಹಾರಿಸುವ ಮಾದರಿಯನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವಂಥದ್ದು ಎಂದು ಹೇಳುತ್ತವೆ. ಕಣ್ಣಿಗೆ ಕಾಣದಷ್ಟು ದೂರ ಹೋದ ಫೋಮ್ ವಿಮಾನ ಹೇಗೂ ಯಾರದ್ದೋ ತೆಂಗಿನ ತೋಟದಲ್ಲಿರುತ್ತದೆ.

ಮಳೆಗಾಲ ಕಳೆದು ಪೆಟ್ಟಿಗೆಯಿಂದ ತೆಗೆದ ವಿಮಾನಕ್ಕೆ ಈ ಎಲ್ಲ ದೋಷ ಒಟ್ಟಿಗೆ ಬಂದಿರಬಹುದು. ಜೂನಿನಿಂದ ಸೆಪ್ಟೆಂಬರ್ ತನಕದ ತೇವಕ್ಕೆ ಕಾಗದ ಅಂಟಿಸಿದ ಫೋಮ್ ಹಾಳೆ ಉಬ್ಬಿ ತಿರುಚುತ್ತದೆ, ಬಿಳಿ ಗೋಂದು ಮೆತ್ತಗಾಗುತ್ತದೆ, ಸರ್ವೊ ಪ್ಲಗ್ಗು ಕಿಲುಬು ಹಿಡಿಯುತ್ತದೆ. ನಾನು ಈಗ ಮೊದಲ ದಿನ ಹಾರಿಸುವುದೇ ಇಲ್ಲ. ದಾರ, ತಕ್ಕಡಿ, ಸ್ಕೇಲ್ ಹಿಡಿದು ಜಗಲಿಯಲ್ಲಿ ಕೂರುತ್ತೇನೆ. ಮೋಟರ್ ಹಲಗೆಯ ಪಕ್ಕ ಮೈಮೇಲೆ ಪೆನ್ನಿನಲ್ಲಿ ಬರೆದದ್ದು ಇನ್ನೂ ಅಳಿಸಿಲ್ಲ: "ಬಲ 9. ಬಿಸಿಲಲ್ಲಿ ಎಳೆದು ನೋಡು."